ಸೌನಾದಿಂದ ಹೊರಬಂದ ಮೇಲಿನ ಮೂರು ನಿಮಿಷ

ತುಮಕೂರಿನ ಬಿ.ಎಚ್. ರಸ್ತೆ ಕಡೆಯ ಒಂದು ಜಿಮ್‌ಗೆ ನಾನು ಸೇರಿ ಎರಡು ವರ್ಷವಾಯಿತು. ಅಲ್ಲಿ ಮರದ ಹಲಗೆ ಹೊದಿಸಿದ ಪುಟ್ಟ ಸೌನಾ ಕೋಣೆ ಇದೆ, ಅಂದರೆ ಬಿಸಿ ಗಾಳಿಯಲ್ಲಿ ಕೂತು ಬೆವರುವ ಕೋಣೆ. ಮೊದಲ ಸಲ ಹೋದಾಗ ಎಣ್ಣೆಸ್ನಾನದ ಹಾಗೇ ಅಂದುಕೊಂಡು, ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತೆ. ಮರುದಿನ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ. ನೀವು ಹಾಗೆ ಮಾಡಬೇಡಿ.

ಎಣ್ಣೆ, ಕ್ರೀಮ್, ಪೌಡರ್ ಎಲ್ಲ ತೊಳೆದು, ಮೈ ಒರೆಸಿಕೊಂಡು ಒಳಗೆ ಹೋಗಿ. ಚಿನ್ನ ಕಾದರೆ ಚರ್ಮ ಸುಡುತ್ತದೆ, ಸರ, ಓಲೆ ತೆಗೆದಿಡಿ. ತಾಳಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ ಅಲ್ವಾ? ನಾನು ಆ ಹೊತ್ತಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳುತ್ತೇನೆ.

ಒಣ ಸೌನಾದಲ್ಲಿ ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇರುತ್ತದೆ. ಟವೆಲ್ ಹಾಸಿ ಕೆಳಗಿನ ಹಲಗೆಯಲ್ಲೇ ಕೂರಿ, ಮೇಲೆ ಕಾವು ಜಾಸ್ತಿ. ಹೊಸಬರಿಗೆ 5 ನಿಮಿಷ ಸಾಕು. ರೂಢಿಯಾದವರೂ 15 ದಾಟಬೇಡಿ. ತಲೆ ತಿರುಗಿದರೆ ತಕ್ಷಣ ಎದ್ದು ಬನ್ನಿ.

ಬಿಸಿಗೆ ರಕ್ತನಾಳ ಹಿಗ್ಗಿ ಚರ್ಮಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಮುಖಕ್ಕೆ ಬರುವ ಕಳೆ ಅದರದ್ದೇ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಬೆವರಲ್ಲಿ ವಿಷ ಹೋಗುತ್ತದೆ ಅನ್ನುವುದನ್ನು ಸುಮ್ನೆ ನಂಬಬೇಡಿ. ಬೆವರು ಬಹುಪಾಲು ನೀರು, ಉಪ್ಪು. ಮೈ ಶುದ್ಧ ಮಾಡುವ ಕೆಲಸ ಲಿವರ್, ಕಿಡ್ನಿಯದು. ಆದರೆ 2008ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ರೂಢಿಯಾಗಿ ಸೌನಾಕ್ಕೆ ಹೋಗುವವರ ಚರ್ಮದ ಮೇಲ್ಪದರ ತೇವವನ್ನು ಚೆನ್ನಾಗಿ ಹಿಡಿದಿಟ್ಟುಕೊಂಡದ್ದು ಕಂಡಿತು. ಹಣೆಯ ಜಿಡ್ಡೂ ಕಡಿಮೆ ಇತ್ತು. ಪರೀಕ್ಷೆಗೆ ಒಳಗಾದವರು ಬರೀ 41 ಜನ, ಅದೂ ನೆನಪಿರಲಿ.

ನನ್ನ ಅನುಭವದಲ್ಲಿ ಚರ್ಮಕ್ಕೆ ಒಳ್ಳೆಯದಾಗುವುದೋ ಕೆಡುವುದೋ ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ. ಬೆವರು ಮೈಮೇಲೇ ಒಣಗಿದರೆ ಉಪ್ಪು ಕೂತು ಕಡಿತ ಶುರು. ಮೊದಲು ಉಗುರು ಬೆಚ್ಚಗಿನ ನೀರು, ಆಮೇಲೆ ತಣ್ಣೀರು. ನಮ್ಮದು ಬೋರ್‌ವೆಲ್ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಮೈಮೇಲೆ ಬಿಳಿ ಪೊರೆಯಂತೆ ಉಳಿದು ಚರ್ಮ ಬಿರುಸಾಗುತ್ತದೆ. ಅದಕ್ಕೇ ಕಂಕುಳು, ತೊಡೆಸಂದಿಗೆ ಮಾತ್ರ ಸೋಪು. ನಾರಿನಿಂದ ಉಜ್ಜುವುದಂತೂ ಆ ದಿನ ಬೇಡವೇ ಬೇಡ. ಟವೆಲ್‌ನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ಎಣ್ಣೆ ಹಚ್ಚಿ. ಈಗ ಅದರ ಸರದಿ! ತಿಪಟೂರಿನ ಅಕ್ಕನ ಮನೆಯಿಂದ ಬರುವ ಗಾಣದ ಕೊಬ್ಬರಿ ಎಣ್ಣೆ ನಾಲ್ಕೈದು ಹನಿ ಕಾಲಿಗೆ, ಕೈಗೆ ಸಾಕು. ಮೊಡವೆ ಇರುವ ಮುಖಕ್ಕೆ ಬೇಡ. ಆಮೇಲೆ ಎರಡು ಲೋಟ ನೀರು, ಉಪ್ಪು ಹಾಕಿದ ಮಜ್ಜಿಗೆ.

ವ್ಯಾಕ್ಸ್ ಮಾಡಿಸಿದ ದಿನ, ಗಾಯವಿದ್ದಾಗ, ಇಸುಬು ಕೆರಳಿದಾಗ ಹೋಗಬೇಡಿ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಒಳಗೆ ಕಾಲಿಡಬೇಡಿ. ಬಂಗು ಬಿಸಿಗೆ ಇನ್ನೂ ಕಪ್ಪಾಗಬಹುದು. ನಮ್ಮ ನಾದಿನಿಗೆ ಕೆನ್ನೆಯ ಮೇಲೆ ಬಂಗು ಇದೆ. ಅವಳು ಸೌನಾ ಬಿಟ್ಟು, ಬಿಸಿಲೇರುವ ಮುಂಚೆ ಅಮಾನಿಕೆರೆ ಸುತ್ತ ನಡೆದು ಬರುತ್ತಾಳೆ.