ಕಾಫಿಗೆ ಕಾಯುತ್ತಾ ಮಾಡಿದ ಜಪ

ಮಾಧ್ವರ ಮನೆಯಲ್ಲಿ ಹುಟ್ಟಿದ್ದರೂ ನಲವತ್ತು ದಾಟುವವರೆಗೆ ನಾನು ಚಾತುರ್ಮಾಸ್ಯ ವ್ರತ ಹಿಡಿದವನಲ್ಲ. ಅಮ್ಮ ಹಿಡಿಯುತ್ತಿದ್ದಳು. ನಾವು ಅವಳ ಪಕ್ಕದಲ್ಲೇ ಕೂತು ಬದನೆಕಾಯಿ ಹುಳಿ ಹೊಡೆಯುತ್ತಿದ್ದೆವು.

ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು. ಮೊದಲ ತಿಂಗಳು ತರಕಾರಿ, ಸೊಪ್ಪು ಬಿಡಬೇಕು. ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ನನಗೆ ಹೆದರಿಕೆ ಇದ್ದದ್ದು ತರಕಾರಿ ಬಿಡುವ ಮೊದಲ ತಿಂಗಳ ಶಾಕವ್ರತದ್ದೇ. ನಮ್ಮ ಮನೆ ಪದ್ಧತಿಯಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ಕೂಡ ಇಲ್ಲ. ಹುಳಿಗೆ ಮಾವಿನಕಾಯಿ ಪುಡಿ, ಖಾರಕ್ಕೆ ಕಾಳುಮೆಣಸು. ರುಚಿಗೇನೂ ಕೊರತೆ ಆಗಲಿಲ್ಲ. ಕೈಕೊಟ್ಟದ್ದು ಹೊಟ್ಟೆ. ದಿನಾ ಅನ್ನ, ತೊವ್ವೆ, ತುಪ್ಪ ತಿಂದು ನಾಲ್ಕನೇ ದಿನಕ್ಕೆ ಕಟ್ಟಿಕೊಂಡಿತು. ಜಪಕ್ಕೆ ಕೂತರೆ ದೇವರ ನೆನಪಿಗಿಂತ ಹೊಟ್ಟೆಯ ನೆನಪೇ ಜಾಸ್ತಿ. ಹೆಸರುಬೇಳೆ ಬಿಟ್ಟು ಸಿಪ್ಪೆಯಿರುವ ಇಡೀ ಹೆಸರುಕಾಳು ಬೇಯಿಸಿಕೊಂಡೆ, ರಾತ್ರಿ ಗೋಧಿ ನುಚ್ಚು ಮಾಡಿಕೊಂಡೆ, ನೀರು ಚೆನ್ನಾಗಿ ಕುಡಿದೆ. ಸರಿಹೋಯಿತು.

ಮೊಸರಿನ ತಿಂಗಳು ಸುಲಭ, ಮಜ್ಜಿಗೆ ನಡೆಯುತ್ತದೆ. ಆದರೆ ಮೊಸರಿಗೆ ನೀರು ಬೆರೆಸಿದರೆ ಮಜ್ಜಿಗೆ ಅಲ್ಲ, ಕಡೆದು ಬೆಣ್ಣೆ ತೆಗೆಯಬೇಕು ಅಂತ ಅಮ್ಮನ ಕಟ್ಟುನಿಟ್ಟು. ಕೃಷ್ಣಾಷ್ಟಮಿ ಇದೇ ತಿಂಗಳಲ್ಲಿ ಬರುವುದು ತಮಾಷೆ ಅಲ್ವಾ?

ಹಾಲಿನ ತಿಂಗಳಲ್ಲಿ ಪೆಟ್ಟು ಬಿತ್ತು. ಹಾಲಿಲ್ಲದ ಕಾಫಿ ನನಗೆ ಇಳಿಯಲ್ಲ, ಹಾಗಾಗಿ ಕಾಫಿಯನ್ನೇ ಬಿಟ್ಟೆ. ಮೂರು ದಿನ ತಲೆನೋವು. ಒಂದು ಸಂಜೆ ಬಿಸ್ಕತ್ತು ತಿಂದುಬಿಟ್ಟೆ. ಪೊಟ್ಟಣ ತಿರುಗಿಸಿ ನೋಡಿದರೆ ಹಾಲಿನ ಪುಡಿ! ಅವತ್ತು ಬೇಜಾರಾಯಿತು, ಮರುದಿನ ಮುಂದುವರಿಸಿದೆ. ಐದನೇ ದಿನ ಬೆಳಿಗ್ಗೆ ಜಪ ಮುಗಿದ ಮೇಲೂ ನಾನು ಏಳಲಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ? ಆಗ ಹೊಳೆಯಿತು. ಇಷ್ಟು ವರ್ಷ ಕೊನೆಯ ಮಾಲೆಯನ್ನು ಓಡಿಸುತ್ತಿದ್ದದ್ದು ಕಾಫಿಗಾಗಿ. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬಂದರೆ ಬೆರಳು ತಾನಾಗಿ ಚುರುಕಾಗುತ್ತಿತ್ತು. ತರಕಾರಿ ಬಿಟ್ಟಾಗ ಇದು ಗೊತ್ತಾಗಿರಲಿಲ್ಲ, ಏಕೆಂದರೆ ನಾನು ತರಕಾರಿಗೆ ಅಂಟಿಕೊಂಡವನೇ ಅಲ್ಲ.

ಕೊನೆಯ ತಿಂಗಳು ಬೇಳೆಕಾಳು ಬಿಡುವ ದ್ವಿದಳ ವ್ರತ. ಅದರಲ್ಲಿ ಉದ್ದಿಲ್ಲ, ಹಾಗಾಗಿ ಇಡ್ಲಿ, ದೋಸೆ ಇಲ್ಲ. ನೀರುದೋಸೆ ಕೈಹಿಡಿಯಿತು. ದೀಪಾವಳಿಗೆ ಬೇಳೆ ಹೋಳಿಗೆ ಬದಲು ಕಾಯಿ ಹೋಳಿಗೆ.

ನಾಲ್ಕು ತಿಂಗಳು ಮಾಡಿ ನನಗೇನೂ ದೊಡ್ಡ ದರ್ಶನ ಆಗಲಿಲ್ಲ. ಸುಮ್ನೆ ಹೇಳಬಾರದು, ಸಿಡುಕು ಕೂಡ ಹಾಗೇ ಇದೆ. ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ ಅಂತ ಗೀತೆಯ ಆರನೇ ಅಧ್ಯಾಯದಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ.

ಕಾರ್ತಿಕದ ಉತ್ಥಾನ ದ್ವಾದಶಿಯಂದು ಪಾರಣೆ, ಅಂದರೆ ವ್ರತ ಮುಗಿಸುವ ಊಟ ಮಾಡಿ, ಸಂಜೆ ತುಳಸಿ ಪೂಜೆ ಮುಗಿಸಿದೆವು. ಹಾಲಿನ ತಿಂಗಳು ಮುಗಿದರೂ ಮುಟ್ಟದಿದ್ದ ಕಾಫಿಯನ್ನು ಮರುದಿನ ಬೆಳಿಗ್ಗೆ ಕುಡಿದೆ. ಆದರೆ ಲೋಟ ಅಡುಗೆಮನೆಯಲ್ಲಿ ಕಾಯುತ್ತಿದ್ದರೂ ಜಪ ನಿಧಾನವಾಗಿಯೇ ಮಾಡಿದೆ. ಎದ್ದು ಹೋಗುವಷ್ಟರಲ್ಲಿ ಕೆನೆ ಕಟ್ಟಿತ್ತು.