ಉಪ್ಪಲಿ ಬುರುಜಿನ ತೋಪಿಗೆ ಟೇಪು ಹಿಡಿದದ್ದು

ವಿಜಯಪುರದಲ್ಲಿ ನನ್ನದು ಟೇಲರಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಊರ ಮಂದಿಯ ನಡ, ಎದೆ ಅಳೆಯುತ್ತಿದ್ದೇನೆ. ನೆಂಟರು ಬಂದಾಗಲೆಲ್ಲ ಗೋಲಗುಮ್ಮಟಕ್ಕೆ ಕರೆದೊಯ್ದಿದ್ದೇನೆ. ಉಪ್ಪಲಿ ಬುರುಜು ಮಾತ್ರ ದಿನಾ ಕಣ್ಣಿಗೆ ಬೀಳುತ್ತದಲ್ಲ, ಎಂದಾದರೂ ಹತ್ತಿದರಾಯಿತು ಅಂತ ಉಳಿದೇ ಬಿಟ್ಟಿತ್ತು. ಬೇಸಿಗೆ ರಜೆಗೆ ಇಂಡಿಯಿಂದ ಬಂದ ಅಕ್ಕನ ಮಗ ಬೆನ್ನು ಹತ್ತಿದ: "ಮಾಮಾ, ಮ್ಯಾಲ ಮೂವತ್ತು ಅಡಿ ತೋಪು ಐತಂತ. ಖರೇನೋ ಸುಳ್ಳೋ ನೀನ ಅಳದು ಹೇಳು."

ಮೊದಲ ಸಲ ಹೋದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಎತ್ತರದ ನೆಲದ ಮೇಲೆ 80 ಅಡಿ ಗೋಪುರ, ಮೆಟ್ಟಿಲೆಲ್ಲ ಹೊರಮೈಯಲ್ಲಿ. ಧೋತರದ ಅಂಚಿನ ಹಾಗೆ ಬುರುಜನ್ನು ಸುತ್ತಿಕೊಂಡು ಮೇಲೆ ಹೋಗುತ್ತವೆ. ಮೈಗೆ ಬಿಸಿಲು, ಕಾಲಿಗೆ ಕಾದ ಕಲ್ಲು. ತುದಿ ತಲುಪಿ, ಉಸಿರು ಬಿಟ್ಟು, ತೋಪಿನ ಮೇಲೆ ಅಂಗೈ ಊರಿದೆ. ಹಂಚಿನ ಮೇಲೆ ಇಟ್ಟಂತಾಯಿತು! ಅಲ್ಲೇ ಕೂಗಳತೆಯಲ್ಲಿ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಎಂಥ ಬಿಸಿಲಲ್ಲೂ ತಣ್ಣಗಿರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಅದು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಿಶ್ರಲೋಹದ ತೋಪು, ತೂಕ ಸುಮಾರು 55 ಟನ್. ಇದು ಅಪ್ಪಟ ಕಬ್ಬಿಣ. ಊದಿಕೊಂಡ ಅಂಗೈ ಹಿಡಿದುಕೊಂಡು ಇಳಿದು ಬಂದೆವು.

ಮರುದಿನ ಬೆಳಗ್ಗೆ ಏಳಕ್ಕೇ ಹತ್ತಿದೆವು. ಉದ್ದನೆಯ ತೋಪಿನ ಹೆಸರು ಲಂಚರ್ರಿ. ಹತ್ತಿರ ಕೂತು ನೋಡಿದರೆ ಮಾಡಿದ ರೀತಿ ತಿಳಿಯುತ್ತದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲಿಂದ ಬಳೆಗಳನ್ನು ಒಂದರ ಪಕ್ಕ ಒಂದು ಬಿಗಿದು ಬೆಸೆದಿದ್ದಾರೆ. ಬಳೆಗೂ ಬಳೆಗೂ ನಡುವಿನ ಗೆರೆಯಲ್ಲಿ ಉಗುರು ಆಡಿಸಬಹುದು. ಇನ್ನೂ ಬಿಗಿ ಸಡಿಲಾಗಿಲ್ಲ. ನಮ್ಮ ಹೊಲಿಗೆ ನಾಕು ಒಗೆತಕ್ಕೆ ಬಿಚ್ಚಿತು ಅಂತ ಗಿರಾಕಿ ಜಗಳಕ್ಕೆ ಬರುತ್ತಾರೆ.

60 ಇಂಚಿನ ಟೇಪು ಹಾಸುತ್ತಾ ಹೋದೆ. ಮೂರು ಸಲ ಅಳೆದರೆ ಮೂರು ಲೆಕ್ಕ. ತಪ್ಪು ಗೊತ್ತಾದದ್ದು ಆಮೇಲೆ: ಟೇಪು ಬಳೆಗಳ ಉಬ್ಬುತಗ್ಗು ಹಿಡಿದು ಏರಿಳಿಯುತ್ತಿತ್ತು. ಹೊಟ್ಟೆ ಇದ್ದವರ ಅಂಗಿಯ ಉದ್ದ ಅಳೆಯುವಾಗಲೂ ಇದೇ ತಕರಾರು. ಸೀಮೆಸುಣ್ಣದ ಗುರುತು ಹಾಕೋಣವೆಂದರೆ ಸ್ಮಾರಕದ ಮೇಲೆ ಗೀಚಬಾರದು. ಕೊನೆಗೆ ಗುಂಡಿ ಹಚ್ಚುವ ಗಟ್ಟಿ ದಾರ ತೆಗೆದೆ. ಅಳಿಯ ಬಾಯಿಯ ಕಡೆ, ನಾನು ಹಿಂಬದಿ. ಬಿಗಿಯಾಗಿ ಎಳೆದು ಎರಡೂ ತುದಿಗೆ ಗಂಟು ಹಾಕಿದೆವು. ಬಾಯಿಯ ತೂತು ಅಡ್ಡ 12 ಇಂಚು. ಪಕ್ಕದ ಸಣ್ಣ ತೋಪಿಗೂ ಹಾಗೇ ಇನ್ನೊಂದು ದಾರ.

ಆಮೇಲೆ ನೆಟ್ಟಗೆ ನಿಂತು ಸುತ್ತ ನೋಡಿದೆ. ಪೂರ್ವಕ್ಕೆ ಗೋಲಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. ಅವೆರಡರ ನಡುವೆ ನಾನು ನಿತ್ಯ ಸೈಕಲ್ ಹೊಡೆಯುವ ಓಣಿಗಳು ಬಟ್ಟೆಯ ಮೇಲಿನ ಕಚ್ಚಾ ಹೊಲಿಗೆಯ ಹಾಗೆ ಅಡ್ಡಾದಿಡ್ಡಿ. ಕೋಟೆಯ ಗೋಡೆ ಕಟ್ಟುವ ಕೆಲಸವನ್ನು ಸರದಾರರಿಗೆ ಹಂಚಿದಾಗ ಹೈದರ್ ಖಾನ್ ದಂಡಯಾತ್ರೆಯಲ್ಲಿದ್ದನಂತೆ. ತನ್ನ ಪಾಲು ತಪ್ಪಿತೆಂದು ಮುನಿಸಿಕೊಂಡವನಿಗೆ, ಎಲ್ಲಕ್ಕಿಂತ ಎತ್ತರದ್ದು ನೀನೇ ಕಟ್ಟು ಎಂದು ಸುಲ್ತಾನ ಹೇಳಿದನಂತೆ. ಕತೆ ಹೇಗೇ ಇರಲಿ, 1584ರ ಸುಮಾರಿಗೆ ಇದನ್ನು ಕಟ್ಟಿಸಿದವನು ಅವನೇ. ಹೈದರ್ ಬುರುಜು ಅಂತಲೂ ಕರೆಯುತ್ತಾರೆ. ಇಷ್ಟು ಎತ್ತರದ ಕಾವಲಿದ್ದರೂ 1686ರಲ್ಲಿ ಔರಂಗಜೇಬ ಊರು ಹಿಡಿದ. ಮದ್ದಿನ ಕೋಣೆ, ನೀರಿನ ತೊಟ್ಟಿ ಇಲ್ಲಿ ಮೇಲೇ ಇವೆ. ನಾವು ಮಾತ್ರ ಒಂದು ಬಾಟಲಿ ನೀರೂ ಒಯ್ದಿರಲಿಲ್ಲ.

ಅಂಗಡಿಗೆ ಬಂದು ದಾರವನ್ನು ಮೇಜಿನ ಮೇಲೆ ಅಳೆದೆ. ಲಂಚರ್ರಿ ಆರು ಟೇಪು, ಮೇಲೆ ಎಂಟು ಇಂಚು. 30 ಅಡಿ 8 ಇಂಚು, ಪುಸ್ತಕದಲ್ಲಿ ಇದ್ದದ್ದೇ. ಸಣ್ಣದು ನಾಕು ಟೇಪಿಗೆ ಎರಡು ಇಂಚು ಕಮ್ಮಿ. ಅಳಿಯನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ದಾರದ ಒಂದು ತುದಿ ನನ್ನ ಮಷೀನಿಗೆ ಕಟ್ಟಿ, ಇನ್ನೊಂದು ಹಿಡಿದು ಹೊರಗೆ ಓಡಿದ. ಕಟಿಂಗ್ ಶಾಪ್ ದಾಟಿ ಚಹಾದಂಗಡಿಯ ಒಲೆಯ ತನಕ ಹೋಯಿತು.

"ಯಾರ ಪ್ಯಾಂಟಿನ ಅಳತಿರೀ ಇದು?" ಅಂದ ಚಹಾದವ.