ಬಾಸ್ ಮೀನಿಗೆ ನಾನು ನೀರು ಆರಿಸುವ ಬಗೆ

ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನಾದ ಬಾಸ್‌ಗೆ ಗಾಳ ಹಾಕುವವರು ಸೇರಿದರೆ ಮಾತು ಹೆಚ್ಚಾಗಿ ಎರೆಯ ಸುತ್ತಲೇ ತಿರುಗುತ್ತದೆ. ಯಾವ ಬಣ್ಣದ ರಬ್ಬರ್ ಹುಳ, ಯಾವ ರೀಲ್, ಎಷ್ಟು ದಪ್ಪದ ದಾರ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುವುದು ಯಾವ ನೀರಿಗೆ ಹೋಗಬೇಕು ಎಂದು ತೀರ್ಮಾನವಾದಾಗಲೇ. ಕೊಳ, ಜಲಾಶಯ, ಹೊಳೆ ಎಲ್ಲವನ್ನೂ ವರ್ಷಗಟ್ಟಲೆ ಸುತ್ತಿದ ಮೇಲೆ ನನ್ನಲ್ಲಿ ಒಂದೇ ಅಳತೆ ಉಳಿದಿದೆ: ಇಲ್ಲಿ ಈ ಹೊತ್ತಿನಲ್ಲಿ ಬಾಸ್‌ಗೆ ನಿಲ್ಲಲು ಎಷ್ಟು ಜಾಗಗಳಿವೆ? ಜಾಗ ಕಡಿಮೆ ಇದ್ದಷ್ಟೂ ನನಗೆ ಆ ನೀರು ಇಷ್ಟ.

ಬಾಸ್ ಬಹುಮಟ್ಟಿಗೆ ಹೊಂಚುಹಾಕಿ ತಿನ್ನುವ ಮೀನು, ಅದರಲ್ಲೂ ಲಾರ್ಜ್‌ಮೌತ್ ಎಂಬ ದೊಡ್ಡ ಬಾಯಿಯ ಜಾತಿ. ಅದಕ್ಕೆ ಒಂದು ಮರೆ ಬೇಕು, ಪಕ್ಕದಲ್ಲೇ ಸ್ವಲ್ಪ ಆಳ ಬೇಕು, ಎದುರಿಗೆ ಸಣ್ಣ ಮೀನು ಹಾದುಹೋಗುವ ದಾರಿ ಬೇಕು. ದಡದುದ್ದಕ್ಕೂ ಮರ ಬಿದ್ದಿರುವ ಕೆರೆ ನೋಡಲು ಚೆಂದ. ಆದರೆ ಅಲ್ಲಿ ಮೀನು ಯಾವ ಮರದ ಕೆಳಗಾದರೂ ಇರಬಹುದು. ಬರಿದಾದ ಜೇಡಿ ದಡದಲ್ಲಿ ಒಂದೇ ಒಂದು ಮರ ನೀರಿಗೆ ಒರಗಿದ್ದರೆ ನಾನು ನೇರ ಅಲ್ಲಿಗೇ ಹೋಗುತ್ತೇನೆ.

ನೀರು ದೊಡ್ಡದಿದ್ದರೆ ಮೀನೂ ದೊಡ್ಡದು ಎಂದು ನಂಬಿದವರು ಬಹಳ. ಲಾರ್ಜ್‌ಮೌತ್‌ನ ವಿಶ್ವದಾಖಲೆಯನ್ನೇ ನೋಡಿ. 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್‌ನ ಮೀನು ಬಂದದ್ದು ಜಾರ್ಜಿಯಾದ ಮಾಂಟ್ಗೊಮರಿ ಲೇಕ್‌ನಿಂದ. ಹೆಸರಿಗೆ ಲೇಕ್, ಆದರೆ ಅದು ಓಕ್ಮಲ್ಗಿ ನದಿ ತನ್ನ ಹಳೆಯ ತಿರುವನ್ನು ಬಿಟ್ಟುಹೋದ ಕಡೆ ಉಳಿದ ನೀರು. ಆ ದಾಖಲೆಗೆ ಸರಿಸಾಟಿಯಾದ ಮೀನನ್ನು 2009ರ ಜುಲೈ 2ರಂದು ಮನಾಬು ಕುರಿಟಾ ಹಿಡಿದದ್ದು ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾದಲ್ಲಿ. ಎರಡೂ ಹತ್ತು ಕಿಲೋ ದಾಟಿದ ಮೀನುಗಳು. ಹೊಟ್ಟೆ ತುಂಬ ಆಹಾರ, ಬೆಳೆಯಲು ಸಾಕಷ್ಟು ವರ್ಷ, ಹದವಾದ ಬಿಸಿ ಸಿಕ್ಕರೆ ಬಾಸ್ ಎಲ್ಲಿ ಬೇಕಾದರೂ ದೊಡ್ಡದಾಗುತ್ತದೆ. ಅದನ್ನು ಹುಡುಕುವ ಕಷ್ಟ ಮಾತ್ರ ನೀರಿನ ವಿಸ್ತಾರದೊಂದಿಗೆ ಬೆಳೆಯುತ್ತದೆ.

ಅದಕ್ಕೇ ನನ್ನ ಮೊದಲ ಆಯ್ಕೆ ಇವತ್ತಿಗೂ ಸಣ್ಣ ಕೊಳ. ದನಕರುಗಳಿಗೆ ಅಂತಲೋ ತೋಟಕ್ಕೆ ಅಂತಲೋ ಒಡ್ಡು ಕಟ್ಟಿ ನಿಲ್ಲಿಸಿದ ಒಂದೆರಡು ಎಕರೆ ನೀರು ಸಾಕು. ಮಾಲೀಕರ ಅನುಮತಿ ಕೇಳಿಯೇ ಇಳಿಯಬೇಕು. ಕೇಳಿದರೆ ಎಷ್ಟೋ ಜನ ಬೇಡ ಅನ್ನುವುದಿಲ್ಲ. ಇಂಥ ಕೊಳದ ನಕ್ಷೆ ದಡದ ಮೇಲೆ ನಿಂತರೇ ಕಾಣುತ್ತದೆ: ಆಳವೆಲ್ಲ ಏರಿಯ ಕಡೆ, ನೀರು ಬಂದು ಸೇರುವ ತುದಿಯಲ್ಲಿ ಹೂಳು ಮತ್ತು ಜೊಂಡು, ಕೋಡಿಯ ಬಳಿ ಕಲ್ಲು. ವಸಂತದ ಮೊದಲ ಬಿಸಿಲಿಗೆ ತೆಳುನೀರಿನ ತುದಿ ಬೇಗ ಬೆಚ್ಚಗಾಗುತ್ತದೆ, ಮೀನು ಅಲ್ಲಿಗೆ ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಏರಿಯ ಆಳಕ್ಕೋ ಒಂಟಿ ಮರದ ನೆರಳಿಗೋ ಸರಿಯುತ್ತದೆ. ಇನ್ನೆಲ್ಲಿಗೆ ಹೋದೀತು?

ಕೊಳದಲ್ಲಿ ಇನ್ನೊಂದು ಲಾಭವಿದೆ. ಮೊದಲು ಸಿಕ್ಕ ಕೆಲವು ಮೀನುಗಳೇ ಆ ನೀರಿನ ಕಥೆ ಹೇಳುತ್ತವೆ. ಸಿಕ್ಕ ಬಾಸ್ ಎಲ್ಲವೂ ಒಂದೇ ಉದ್ದ, ತಲೆ ದೊಡ್ಡದು, ಹೊಟ್ಟೆ ಒಳಕ್ಕೆ ಸೇದಿಕೊಂಡಿದೆ ಎಂದರೆ ಅಲ್ಲಿ ಬಾಸ್ ಕಿಕ್ಕಿರಿದಿವೆ, ತಿನ್ನಲು ಸಾಲುತ್ತಿಲ್ಲ. ಅಂಥ ಕೊಳದಲ್ಲಿ ಬಾಸ್‌ಗೆ ಆಹಾರವಾಗುವ ಬ್ಲೂಗಿಲ್ ಎಂಬ ಚಪ್ಪಟೆ ಮೀನನ್ನು ಹಿಡಿದು ನೋಡಿ, ಅಂಗೈ ತುಂಬುವಷ್ಟು ದೊಡ್ಡವು ಬರುತ್ತವೆ. ಮರಿಗಳನ್ನೆಲ್ಲ ಬಾಸ್ ತಿಂದು, ಉಳಿದ ಕೆಲವಕ್ಕೆ ಆಹಾರ ಧಾರಾಳವಾಗಿ ಸಿಕ್ಕಿರುತ್ತದೆ. ಅಲ್ಲಿ ನಾನು ಮಾಲೀಕರನ್ನು ಕೇಳಿ ಸಣ್ಣ ಬಾಸ್ ಕೆಲವನ್ನು ಅಡುಗೆಗೆ ಒಯ್ಯುತ್ತೇನೆ. ಹಿಡಿದದ್ದನ್ನೆಲ್ಲ ಬಿಟ್ಟುಬಿಡುವುದೇ ಎಲ್ಲ ನೀರಿಗೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಸಿದ ಕೊಳಕ್ಕೆ ಅದು ಕೆಡುಕು. ಬಾಸ್ ಕಡಿಮೆ ಸಿಕ್ಕಿ, ಸಿಕ್ಕಿದ್ದು ದುಂಡಗೆ ಭಾರವಾಗಿದ್ದರೆ ಮಾತ್ರ ಒಂದನ್ನೂ ಮುಟ್ಟದೆ ಬಿಡುತ್ತೇನೆ.

ಇನ್ನು ಜಲಾಶಯ. ಅಮೆರಿಕದಲ್ಲಿ ಬಾಸ್ ಹಿಡಿಯುವ ಪಂದ್ಯಗಳು ಬೆಳೆದದ್ದೇ ಅಣೆಕಟ್ಟಿನ ಹಿನ್ನೀರಿನ ಮೇಲೆ. ಈ ಪಂದ್ಯಗಳನ್ನು ಬೆಳೆಸಿದ ಸಂಘಟಕ ರೇ ಸ್ಕಾಟ್ 1967ರಲ್ಲಿ ತಮ್ಮ ಮೊದಲ ಪಂದ್ಯ ನಡೆಸಿದ್ದು ಅರ್ಕಾನ್ಸಾಸ್‌ನ ಬೀವರ್ ಲೇಕ್‌ನಲ್ಲಿ. 1971ರಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ದೊಡ್ಡ ಪಂದ್ಯ ಮೊದಲ ಬಾರಿ ನಡೆದದ್ದು ಹೂವರ್ ಅಣೆಕಟ್ಟಿನ ಹಿಂದಿನ ಲೇಕ್ ಮೀಡ್‌ನಲ್ಲಿ. ಎರಡೂ ಮನುಷ್ಯ ಕಟ್ಟಿದ ನೀರು. ಹಿನ್ನೀರಿನ ಕೆಳಗೆ ಹಳೆಯ ಹಳ್ಳ, ರಸ್ತೆ, ಬೇಲಿಸಾಲು, ಮರದ ಬೊಡ್ಡೆ ಎಲ್ಲ ಹಾಗೇ ಮುಳುಗಿರುತ್ತವೆ, ಮತ್ತು ಬಾಸ್ ಓಡಾಡುವುದು ಆ ಗೆರೆಗಳನ್ನು ಹಿಡಿದೇ. ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ನೀರು ತುಂಬಿಸುವಾಗ ಮರಗಳನ್ನು ಬಹುಪಾಲು ಕಡಿಯದೆ ಬಿಟ್ಟರು, ಫ್ಲೋರಿಡಾ ತಳಿಯ ಬಾಸ್ ಬಿಟ್ಟರು. 1992ರ ಜನವರಿಯಲ್ಲಿ ಆ ರಾಜ್ಯದ ದಾಖಲೆಯಾದ 18.18 ಪೌಂಡ್‌ನ ಮೀನು ಬಂದದ್ದು ಅಲ್ಲಿಂದಲೇ.

ದೊಡ್ಡ ಜಲಾಶಯಕ್ಕೆ ನಾನು ಎಲ್ಲ ಕಾಲದಲ್ಲೂ ಹೋಗುವುದಿಲ್ಲ. ಕಾಲವೇ ಅದನ್ನು ಚಿಕ್ಕದು ಮಾಡಿಕೊಡುವ ಹೊತ್ತಿಗೆ ಕಾಯುತ್ತೇನೆ. ಬೇಸಿಗೆ ಬಲಿತಾಗ ಆಳದ ನೀರು ಪದರ ಕಟ್ಟುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು, ನಡುವೆ ಥರ್ಮೋಕ್ಲೈನ್ ಎಂಬ ತೆಳು ಪದರ. ಪೋಷಕಾಂಶ ಹೆಚ್ಚಿರುವ ಜಲಾಶಯದಲ್ಲಿ ತಳದ ಕೊಳೆತ ವಸ್ತು ಕೆಳಪದರದ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಸದ್ದಿನ ಅಲೆಯಿಂದ ನೀರಿನಡಿ ತೋರಿಸುವ ಸೋನಾರ್ ಪರದೆಯ ಸಂವೇದನೆ ಹೆಚ್ಚಿಸಿದರೆ ಆ ಪದರ ಮಬ್ಬು ಗೆರೆಯಾಗಿ ಅಡ್ಡಲಾಗಿ ಕಾಣುತ್ತದೆ. ಗೆರೆ 20 ಅಡಿಯಲ್ಲಿದ್ದರೆ ಅದರ ಕೆಳಗಿನ ತಳವನ್ನೆಲ್ಲ ನಾನು ಲೆಕ್ಕದಿಂದ ಕೈಬಿಡುತ್ತೇನೆ. ಉಳಿಯುವುದು ಆ ಗೆರೆಗಿಂತ ಮೇಲೆ ತಲೆ ಎತ್ತಿದ ದಿಬ್ಬಗಳು ಮತ್ತು ದಡದಿಂದ ಚಾಚಿದ ಮೂಗುಗಳು. ಇಡೀ ಜಲಾಶಯದಲ್ಲಿ ನೋಡಬೇಕಾದದ್ದು ಬೆರಳೆಣಿಕೆಯಷ್ಟೇ ಆಗುತ್ತದೆ. ಶರತ್ಕಾಲದಲ್ಲಿ ಶ್ಯಾಡ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನಿನ ಹಿಂಡು ಹಳ್ಳಗಳ ಒಳಕ್ಕೆ ನುಗ್ಗುತ್ತದೆ, ಬಾಸ್ ಅದರ ಹಿಂದೆಯೇ. ಆಗ ನಡುನೀರನ್ನು ನಾನು ತಿರುಗಿಯೂ ನೋಡುವುದಿಲ್ಲ.

ಇಲ್ಲಿ ನಾನು ಬಹಳ ನಂಬಿರುವ ಒಂದು ಕೆಲಸವನ್ನು ಹೇಳಬೇಕು. ಟೆನ್ನೆಸ್ಸಿ ಕಣಿವೆಯ ನಾರಿಸ್, ಚೆರೋಕಿ, ಡಗ್ಲಸ್‌ನಂಥ ಜಲಾಶಯಗಳಲ್ಲಿ ಚಳಿಗಾಲದ ಪ್ರವಾಹಕ್ಕೆ ಜಾಗ ಇರಲೆಂದು ಮೊದಲೇ ನೀರು ಇಳಿಸುತ್ತಾರೆ. ಬೇಸಿಗೆಯಲ್ಲಿ ದೋಣಿ ಓಡುವ ಜಾಗ ಆಗ ಬಟಾಬಯಲು. ನಾನು ರಾಡ್ ಮನೆಯಲ್ಲೇ ಬಿಟ್ಟು ಬೂಟು ಹಾಕಿಕೊಂಡು ಆ ತಳದ ಮೇಲೆ ನಡೆಯುತ್ತೇನೆ. ಜೇಡಿ ಎಲ್ಲಿ ಮುಗಿದು ಜಲ್ಲಿ ಎಲ್ಲಿ ಶುರುವಾಯಿತು, ಬೊಡ್ಡೆಯ ಬೇರು ಯಾವ ಕಡೆ ಟೊಳ್ಳಾಗಿದೆ, ಹಳೆಯ ಹಳ್ಳದ ಕೊರಕಲು ಎಲ್ಲಿ ದಡಕ್ಕೆ ಹತ್ತಿರ ಬಂದಿದೆ, ಇವನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದು ಜಾಗ ಗುರುತು ಮಾಡಿಕೊಳ್ಳುತ್ತೇನೆ. ಬೊಡ್ಡೆಗೆ ಸಿಕ್ಕಿಕೊಂಡು ಒಣಗಿದ ದಾರ, ಕಿತ್ತುಹೋದ ಎರೆಗಳು ಕಂಡರೆ ಆ ಜಾಗ ಬೇರೆಯವರಿಗೂ ಗೊತ್ತು ಎಂದರ್ಥ. ಒಂದೂ ಇಲ್ಲದ ಕಡೆ, ಬಯಲಿನ ನಡುವೆ ಒಂಟಿ ಕಲ್ಲುಗುಡ್ಡೆ ಸಿಕ್ಕರೆ ನನಗೆ ಆ ವರ್ಷದ ಸಂಪತ್ತು ಸಿಕ್ಕಂತೆ. ನಕ್ಷೆಯಲ್ಲಿ ಕಾಣದ ಎಷ್ಟೋ ವಿವರ ಹೀಗೆ ಕಾಲಿಗೇ ಸಿಗುತ್ತದೆ. ಹೂಳಿನಲ್ಲಿ ಮಾತ್ರ ಹುಷಾರು. ಮೇಲೆ ಒಣಗಿದಂತೆ ಕಂಡರೂ ಮೊಣಕಾಲಿನವರೆಗೆ ಹೂತುಹೋಗುವ ಜಾಗಗಳಿರುತ್ತವೆ, ಒಬ್ಬರೇ ಹೋಗಬೇಡಿ.

ಕಳೆ ತುಂಬಿದ ನೀರಿನ ಬಗ್ಗೆ ಎರಡು ಮಾತು. ಅಲಬಾಮಾದ ಗಂಟರ್ಸ್‌ವಿಲ್, ಫ್ಲೋರಿಡಾದ ಓಕಿಚೋಬಿಯಂಥ ತೆಳುನೀರಿನ ಹರವುಗಳು ಬಾಸ್‌ಗೆ ಹೇಳಿ ಮಾಡಿಸಿದವು, ಮೀನಿನ ಸಂಖ್ಯೆಗೂ ಗಾತ್ರಕ್ಕೂ ಕೊರತೆಯಿಲ್ಲ. ಎಲ್ಲೆಲ್ಲೂ ಮರೆ ಇರುವುದೇ ಅಲ್ಲಿನ ಕಷ್ಟ. ನಾನು ಅಲ್ಲಿ ಕಳೆಯನ್ನು ಬಿಟ್ಟು ಕಳೆ ಬದಲಾಗುವ ಜಾಗವನ್ನು ಹುಡುಕುತ್ತೇನೆ: ಹೈಡ್ರಿಲ್ಲಾ ಎಂಬ ನೀರುಕಳೆ ಮುಗಿದು ಜೊಂಡು ಶುರುವಾಗುವ ಮೂಲೆ, ಹಾಸಿನ ನಡುವಿನ ಕಿಂಡಿ, ಅಂಚು ಒಳಕ್ಕೆ ಬಾಗಿದ ಕಡೆ.

ಬಾಸ್‌ನ ಇನ್ನೊಂದು ಜಾತಿಯಾದ, ಚಿಕ್ಕ ಬಾಯಿಯ ಸ್ಮಾಲ್‌ಮೌತ್ ಬೇಕೆಂದರೆ ಹೊಳೆಗೇ ಹೋಗುತ್ತೇನೆ. ಕಲ್ಲು, ತಿಳಿನೀರು, ತಂಪು ಆ ಮೀನಿಗೆ ಇಷ್ಟ. ಟೆನ್ನೆಸ್ಸಿ-ಕೆಂಟಕಿ ಗಡಿಯ ಡೇಲ್ ಹಾಲೋನಂಥ ಆಳದ ತಿಳಿ ಜಲಾಶಯದಲ್ಲೂ ಅದು ಚೆನ್ನಾಗಿ ಬೆಳೆಯುತ್ತದೆ. 1955ರಲ್ಲಿ ಬಂದ 11 ಪೌಂಡ್ 15 ಔನ್ಸ್‌ನ ವಿಶ್ವದಾಖಲೆ ಅಲ್ಲಿಯದೇ. ಆದರೂ ನನಗೆ ಹೊಳೆಯೇ ಮೆಚ್ಚು, ಏಕೆಂದರೆ ಮೀನು ಎಲ್ಲಿ ನಿಲ್ಲಬೇಕು ಎಂದು ಸೆಳವೇ ತೀರ್ಮಾನಿಸುತ್ತದೆ. ಹರಿವಿಗೆ ಎದುರಾಗಿ ಇಡೀ ದಿನ ಈಜುತ್ತ ನಿಂತರೆ ತಿಂದದ್ದೆಲ್ಲ ಅದಕ್ಕೇ ಖರ್ಚು. ಹಾಗಾಗಿ ಅದು ಬಂಡೆಯ ಹಿಂದಿನ ಶಾಂತ ನೀರಿನಲ್ಲಿ, ಮಡುವಿನ ತಲೆಯಲ್ಲಿ, ಸೆಳವು ಮತ್ತು ನಿಂತ ನೀರು ಉಜ್ಜಿಕೊಳ್ಳುವ ಗೆರೆಯಲ್ಲಿ ಮೂತಿ ಹರಿವಿನ ಕಡೆಗಿಟ್ಟು ಕಾಯುತ್ತದೆ. ಎರೆಯನ್ನು ಮೇಲಿನಿಂದ ಬಿಟ್ಟು ಹರಿವಿನ ಜೊತೆಗೇ ಇಳಿಸಬೇಕು. ಎದುರು ಎಳೆದರೆ ಯಾವ ತಿನಿಸೂ ಬರದ ದಿಕ್ಕಿನಿಂದ ಬಂದಂತಾಗುತ್ತದೆ. ಬೇಸಿಗೆ ಬಲಿತು ಹೊಳೆ ಸೊರಗಿದಾಗ ಮೀನೆಲ್ಲ ಉಳಿದ ಮಡುಗಳಿಗೆ ಸೇರುತ್ತವೆ. ನೀರು ತೀರಾ ಬಿಸಿಯಾದ ದಿನಗಳಲ್ಲಿ ಅವಕ್ಕೆ ಉಸಿರಾಟವೇ ಕಷ್ಟ, ಆಗ ನಾನು ಬೆಳಗಿನ ಜಾವ ಬಿಟ್ಟರೆ ಗಾಳ ಹಾಕುವುದಿಲ್ಲ.

ನೀರಿನ ಬಣ್ಣವನ್ನು ಕೊನೆಯಲ್ಲಿ ಹೇಳುತ್ತಿದ್ದರೂ ಹೊರಡುವ ಮುಂಚೆ ನಾನು ಮೊದಲು ವಿಚಾರಿಸುವುದು ಅದನ್ನೇ. ತೀರಾ ತಿಳಿಯಾದ ನೀರಿನಲ್ಲಿ ಬಾಸ್ ಆಳಕ್ಕೂ ಹೋಗಬಹುದು, ದೂರದಿಂದ ಎರೆಯನ್ನು ನೋಡಿ ಬೇಡವೆನ್ನಲೂಬಹುದು. ಪೂರ್ತಿ ಬಗ್ಗಡವಾದರೆ ಅದು ತೆಳುನೀರಿನಲ್ಲಿ ಮರೆಗೆ ಅಂಟಿಕೊಂಡಿರುತ್ತದೆ, ಎರೆ ಮೂತಿಯ ಮುಂದೆಯೇ ಬೀಳಬೇಕು, ಸದ್ದೂ ಮಾಡಬೇಕು. ನನಗೆ ಬೇಕಾದದ್ದು ಇವೆರಡರ ನಡುವಿನ ಹಸಿರು ಮಿಶ್ರಿತ ನೀರು. ಬಿಳಿ ಎರೆಯನ್ನು ಇಳಿಸಿದರೆ ಎರಡು ಮೂರು ಅಡಿಯಲ್ಲಿ ಕಣ್ಮರೆಯಾಗುವಂಥದ್ದು. ಅಲ್ಲಿ ಮೀನು ತೆಳುನೀರಿಗೂ ಬರುತ್ತದೆ, ಎರೆಯನ್ನು ಸಾಕಷ್ಟು ದೂರದಿಂದ ಕಂಡೂ ಹಿಡಿಯುತ್ತದೆ.

ಮಳೆ ಬಿದ್ದ ಮರುದಿನ ಜಲಾಶಯದ ಒಂದು ಕವಲು ಕೆಂಪಾಗಿ, ಇನ್ನೊಂದು ತಿಳಿಯಾಗಿ ಇರುವುದುಂಟು. ಅಂಥ ದಿನ ದೋಣಿಯನ್ನು ಆ ಎರಡು ಬಣ್ಣ ಕೂಡುವ ಗೆರೆಗೆ ಒಯ್ದು ನಿಲ್ಲಿಸುತ್ತೇನೆ. ಸಣ್ಣ ಮೀನು ತಿಳಿಯ ಕಡೆ, ಬಾಸ್ ಬಗ್ಗಡದ ಕಡೆ. ಎರೆ ತಿಳಿಯಲ್ಲಿ ಬಿದ್ದು ಗೆರೆಗೆ ಸಮಾನಾಂತರವಾಗಿ, ಅದರಿಂದ ಒಂದು ಅಡಿ ಒಳಗೇ ಸಾಗಬೇಕು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ಗೆರೆ ಕದಡಿಹೋಗುವುದು ಸಾಮಾನ್ಯ, ಅದಕ್ಕೆ ಬೆಳಿಗ್ಗೆಯೇ ಅಲ್ಲಿರಬೇಕು.